ಆಡುವವಳ ಶನಿವಾರ

ಕಡಬ
10 ಜೂನ್ 2025

ಚಿರಂಜೀವಿ ಇಂಪನಾಳಿಗೆ,

ಚೀಲ ಕೈಗೆ ಬಂದ ಕೂಡಲೇ ತುಪ್ಪದ ಡಬ್ಬಿ ನೆಟ್ಟಗಿದೆಯೇ ನೋಡು. ಗುಬ್ಬಿಯಲ್ಲಿ ಬಸ್ಸು ಬದಲಿಸುವಾಗ ಗಂಗಣ್ಣ ಚೀಲವನ್ನು ಎಲ್ಲೆಂದರಲ್ಲಿ ಎಸೆಯುತ್ತಾನೆ. ಕೇಳಿದರೆ, "ಇಲ್ಲ ಕಣವ್ವ, ಮಗೀನ್ ಎತ್ಕೊಂಡಂಗೆ ಎತ್ಕೊಂಡೋಯ್ತೀನಿ" ಅನ್ನುತ್ತಾನೆ. ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಗೆ ದಿನಾ ಹೋಗುವವನು. ಮಂಗಳವಾರ ನಿನ್ನ ಕ್ರೀಡಾ ಹಾಸ್ಟೆಲ್ ಬಾಗಿಲಿಗೆ ಚೀಲ ಮುಟ್ಟಿಸಿ, ನಿನ್ನ ಉತ್ತರ ತಂದುಕೊಡಲು ಒಪ್ಪಿದ್ದಾನೆ.

ಭಾನುವಾರ ಅರ್ಧ ಗಂಟೆ ಫೋನು ಕೊಡುತ್ತಾರಂತೆ. ಅದರಲ್ಲಿ ಕುಣಿಗಲ್ಲಿಗೆ ಮಾಡಿ ನಿನ್ನ ಅಪ್ಪ ಅಮ್ಮನ ಜೊತೆ ಮಾತಾಡು. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀವು ಹೇಳುವುದಿಲ್ಲ. ನನಗೆ ಪತ್ರ ಬರೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ಕೆಟ್ಟದಾಗಿದ್ದರೆ ವಾಪಸ್ಸು ಕಳಿಸುತ್ತೇನೆ.

ಚೀಲದಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಕೊಬ್ಬರಿ, ಹುರಿಗಡಲೆ ಇವೆ. ಹಾಸ್ಟೆಲಿನಲ್ಲಿ ಮುದ್ದೆ ಮಾಡುತ್ತಾರೋ ಇಲ್ಲವೋ ತಿಳಿಸು. ಬ್ರೆಡ್ಡು ತಿಂದು ಟೆನಿಸ್ ಬ್ಯಾಟು ಬೀಸುವುದಾದರೆ ನಾಳೆಯೇ ಬಂದು ಕರೆದುಕೊಂಡು ಬರುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಊರು ಬಿಟ್ಟರೂ ಶನಿವಾರ ಶನಿವಾರವೇ. ಸ್ನಾನ ಮಾಡಿ, ರಂಗನಾಥನ ಪಟಕ್ಕೆ ಕೈಮುಗಿದು, ಮಧ್ಯಾಹ್ನ ಒಂದೇ ಹೊತ್ತು ಊಟ. ಈ ಮನೆಯಲ್ಲಿ ಹುಟ್ಟಿದವರು, ಈ ಮನೆಗೆ ಬಂದವರು ಯಾರೂ ಒಪ್ಪತ್ತು ತಪ್ಪಿಸಿಲ್ಲ.

ನಿನ್ನ ಅಜ್ಜಿ,
ಸುಬ್ಬಲಕ್ಷ್ಮಮ್ಮ


ತುಮಕೂರು
22 ಜೂನ್ 2025

ಪೂಜ್ಯ ಅಜ್ಜಿಗೆ ಇಂಪನಾಳ ನಮಸ್ಕಾರಗಳು.

ತುಪ್ಪ ಚೆಲ್ಲಿರಲಿಲ್ಲ. ಅಕ್ಷರ ನೋಡಿ ಬೈಯಬೇಡಿ, ಬೆರಳಿನಲ್ಲಿ ಬೊಕ್ಕೆ ಎದ್ದಿದೆ.

ಇಲ್ಲಿ ವಾರಕ್ಕೆರಡು ಸಲ ಮುದ್ದೆ ಇದೆ. ನೀವು ಮಾಡಿದ ಹಾಗಿಲ್ಲ, ನಡುವೆ ಹಿಟ್ಟು ಹಾಗೇ ಇರುತ್ತದೆ. ಶಶಿಕಲಾ ಮೇಡಂ ಅಂತ ಒಬ್ಬರು ಬರುತ್ತಾರೆ. ಆಡುವ ಮಕ್ಕಳು ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅಂತ ಹೇಳಿಕೊಡುವುದೇ ಅವರ ಕೆಲಸ. ನಿಮ್ಮ ಹುರಿಹಿಟ್ಟನ್ನು ಮೂಸಿ ನೋಡಿ, "ಇದನ್ನ ಯಾರು ಮಾಡಿದ್ದು? ಅಂಗಡಿ ಪುಡಿಗಳೆಲ್ಲ ಇದರ ಮುಂದೆ ಏನೂ ಇಲ್ಲ" ಅಂದರು. ಆದರೆ ಮುದ್ದೆ ತಿಂದ ಕೂಡಲೇ ಆಡಬಾರದಂತೆ. ಹೊಟ್ಟೆ ತುಂಬ ಊಟವಾದರೆ ಮೂರು ಗಂಟೆ ಬಿಡಬೇಕು, ಆಟ ಹತ್ತಿರವಿದ್ದರೆ ಬಾಳೆಹಣ್ಣಿನಂಥದ್ದು ಸಾಕು, ಆಟ ಮುಗಿದ ತಕ್ಷಣ ಮತ್ತೆ ತಿನ್ನಬೇಕು. ನನ್ನ ರೂಮಿನ ಕೃತಿಕಾ ಇದನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ. ಹಸಿವಾದರೆ ಅವಳಿಗೆ ಅಳು ಬರುತ್ತದೆ.

ಜಿಲ್ಲಾ ಪಂದ್ಯಗಳಲ್ಲಿ ಗುರುವಾರ, ಶುಕ್ರವಾರ ಗೆದ್ದೆ. ಶುಕ್ರವಾರದ ಹುಡುಗಿ ನನಗಿಂತ ಒಂದು ಗೇಣು ಎತ್ತರ. ಶನಿವಾರ ಸೋತೆ. ಮೂರನೇ ಸೆಟ್ಟಿನಲ್ಲಿ ಕಾಲು ಸ್ವಲ್ಪ ಹಿಡಿದುಕೊಂಡಿತು, ಅಷ್ಟೇ. ಒಪ್ಪತ್ತು ತಪ್ಪಿಸಿಲ್ಲ ಅಜ್ಜಿ. ಬೆಳಿಗ್ಗೆ ಹಾಲು ಮಾತ್ರ ಕುಡಿದೆ.

ನಿಮ್ಮ ಮೊಮ್ಮಗಳು,
ಇಂಪನಾ


ಕಡಬ
1 ಜುಲೈ 2025

ಚಿ. ಇಂಪನಾಳಿಗೆ,

ನಿನಗಿಂತ ಒಂದು ಗೇಣು ಎತ್ತರದವಳನ್ನು ಸೋಲಿಸಿದ ವಿಷಯವನ್ನು ನಿನ್ನ ಅಜ್ಜ ಅರಳಿಕಟ್ಟೆಯ ಮೇಲೆ ಹೇಳಿ ಬಂದಿದ್ದಾರೆ. ಸಂಜೆಯ ಹೊತ್ತಿಗೆ ಅದು ಒಂದು ಮೊಳ ಆಗಿತ್ತು. ದೊಡ್ಡರಂಗಯ್ಯನವರ ಬಾಯಿಗೆ ಬೀಗ ಹಾಕುವುದು ಮದುವೆಯಾದಾಗಿನಿಂದ ನನಗೆ ಆಗಿಲ್ಲ.

ಆದರೆ ಶನಿವಾರ ಸೋತದ್ದು ನನ್ನ ಮನಸ್ಸಿನಲ್ಲಿ ಕುಳಿತಿದೆ. ಕುಣಿಗಲ್ಲಿನಲ್ಲಿದ್ದಾಗ ಹೋದ ವರ್ಷವೂ ನೀನು ಸೋತದ್ದು ಶನಿವಾರಗಳಲ್ಲೇ ಎಂದು ನಿನ್ನ ಅಮ್ಮ ನೇತ್ರಾವತಿ ಹೇಳಿದಳು. ಗುರುವಾರ ಶುಕ್ರವಾರ ಗೆಲ್ಲುವ ಕಾಲು ಶನಿವಾರ ಯಾಕೆ ಹಿಡಿಯುತ್ತದೆ? ಇದು ಶನಿಯ ಕೆಲಸ. ಹಾಲು ಕುಡಿದೆ ಎಂದು ಬರೆದಿದ್ದೀಯ. ನಾನು ಹಾಲು ಕುಡಿ ಅಂದಿದ್ದೆನೇ? ಅರ್ಧ ಒಪ್ಪತ್ತು ಮಾಡಿ ಪೂರ್ತಿ ಫಲ ಕೇಳಬಾರದು. ಇನ್ನು ಮುಂದೆ ಆಟ ಮುಗಿದು, ಸ್ನಾನವಾಗಿ, ಕೈಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ನಾನೂ ನಿನ್ನ ಹೆಸರಿನಲ್ಲಿ ಹಾಗೆಯೇ ಮಾಡುತ್ತೇನೆ.

ಆ ಶಶಿಕಲಾ ಮೇಡಂಗೆ ಬೇರೆ ಡಬ್ಬಿಯಲ್ಲಿ ಹುರಿಹಿಟ್ಟು ಇಟ್ಟಿದ್ದೇನೆ. ಬುದ್ಧಿವಂತೆ ಹೆಂಗಸಿನ ಹಾಗೆ ಕಾಣುತ್ತದೆ.

ನಿನ್ನ ಅಜ್ಜಿ


ತುಮಕೂರು
6 ಜುಲೈ 2025

ಪೂಜ್ಯ ಅಜ್ಜಿಗೆ ನಮಸ್ಕಾರಗಳು.

ನೀವು ಹೇಳಿದಂತೆ ನಿನ್ನೆ ಮಾಡಿದೆ. ನಿನ್ನೆಯೂ ಸೋತೆ. ಮೊದಲ ಸೆಟ್ ನನ್ನದೇ ಆಗಿತ್ತು.

ಮೇಡಂ ಡಬ್ಬಿ ತೆಗೆದುಕೊಂಡರು. ನಿಮಗೆ ವಂದನೆ ಹೇಳಿದ್ದಾರೆ.

ಅಜ್ಜಿ, ಒಂದು ಕೇಳಲಾ? ಒಪ್ಪತ್ತಿನ ದಿನ ನಿಮಗೆ ಯಾವಾಗಲಾದರೂ ಕಣ್ಣು ಕತ್ತಲೆ ಬರುತ್ತದಾ? ಸುಮ್ಮನೆ ಕೇಳಿದೆ.

ನಾನು ಚೆನ್ನಾಗಿದ್ದೇನೆ.

ಇಂಪನಾ


ಕಡಬ
15 ಜುಲೈ 2025

ಚಿ. ಇಂಪನಾಳಿಗೆ,

ನನ್ನ ಆರೋಗ್ಯ ವಿಚಾರಿಸಿದ್ದಕ್ಕೆ ನಿನ್ನ ಅಜ್ಜನಿಗೆ ಕಣ್ಣಲ್ಲಿ ನೀರು ಬಂತು. ನನಗೆ ಯಾವ ಕತ್ತಲೆಯೂ ಬರುವುದಿಲ್ಲ. ಎಪ್ಪತ್ತು ದಾಟಿದರೂ ಶನಿವಾರ ಬೆಳಿಗ್ಗೆ ಹಟ್ಟಿ ಗುಡಿಸಿ, ದೇವರ ಮನೆ ತೊಳೆದು, ನೆರಳಿನಲ್ಲಿ ಕುಳಿತು ಹೂ ಕಟ್ಟಿಯೇ ಊಟಕ್ಕೆ ಏಳುತ್ತೇನೆ. ನನ್ನ ಬಗ್ಗೆ ಯೋಚನೆ ಬಿಟ್ಟು ಆಟ ನೋಡಿಕೋ.

ಗಂಗಣ್ಣ ಮಾತ್ರ ಹೋದ ವಾರ ಬಂದವನೇ ಜಗಲಿಯ ಮೇಲೆ ಕುಳಿತು, "ಅವ್ವಾ, ಪಾಪು ಸೊರಗೋಗವ್ಳೆ ಕಣ್ರವ್ವ. ಕಣ್ಣೆಲ್ಲ ಒಳಿಕ್ಕೋಗವೆ" ಅಂದ. "ನೀನೇನು ಡಾಕ್ಟ್ರೇನ್ಲಾ?" ಎಂದು ಗದರಿಸಿ ಕಳಿಸಿದೆ. ಕಳಿಸಿದ ಮೇಲೆ ನನಗೆ ಕೋಪ ಬಂದಿದ್ದು ನಿಮ್ಮ ಹಾಸ್ಟೆಲಿನ ಅಡುಗೆಯವರ ಮೇಲೆ. ಮಕ್ಕಳಿಗೆ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ ಎಂದು ಕಾಣುತ್ತದೆ. ಈ ಸಲ ತುಪ್ಪ ಹೆಚ್ಚಿಗೆ ಇಟ್ಟಿದ್ದೇನೆ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿಯೂ ಇದೆ. ಯಾರಿಗೂ ಹಂಚಬೇಡ, ಆ ಕೃತಿಕಾಗೆ ಬೇಕಾದರೆ ಕೊಡು.

ನಿನ್ನ ಅಜ್ಜಿ


ತುಮಕೂರು
20 ಜುಲೈ 2025

ಅಜ್ಜಿ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಅಡುಗೆಯವರನ್ನು ಬೈಯಬೇಡ. ಅವರು ಚೆನ್ನಾಗಿ ಹಾಕುತ್ತಾರೆ. ನಾನೇ ಶನಿವಾರ ತಿನ್ನುತ್ತಿರಲಿಲ್ಲ. ಶುಕ್ರವಾರ ಸಂಜೆ ಉಂಡರೆ ಶನಿವಾರ ಆಟ ಮುಗಿಯುವವರೆಗೆ ಬರೀ ನೀರು. ಬೆಳಿಗ್ಗೆ ಅಭ್ಯಾಸ, ಆಮೇಲೆ ಬಿಸಿಲಿನಲ್ಲಿ ಪಂದ್ಯ. ಪ್ರಮೀಳಾ ಮ್ಯಾಮ್, ಅಂದರೆ ನಮ್ಮ ಕೋಚ್, ತಿಂಡಿ ಆಯ್ತಾ ಅಂತ ಕೇಳಿದಾಗಲೆಲ್ಲ ಆಯ್ತು ಅಂದೆ. ಕಣ್ಣು ಕತ್ತಲೆ ಬಂದದ್ದು ನನಗೆ. ನಿನಗೆ ಬರುತ್ತಿದ್ದರೆ ನನಗೂ ಬಂದದ್ದು ಸರಿ ಅಂದುಕೊಳ್ಳೋಣ ಅಂತ ಕೇಳಿದ್ದೆ.

ನಿನ್ನೆ ಆಡುವಾಗ ಬಿದ್ದುಬಿಟ್ಟೆ. ಚೆಂಡು ಎರಡು ಎರಡಾಗಿ ಕಾಣುತ್ತಿತ್ತು. ಎಚ್ಚರವಾದಾಗ ಕೃತಿಕಾ ಬಾಳೆಹಣ್ಣು ಸುಲಿದುಕೊಂಡು ಅಳುತ್ತಾ ನಿಂತಿದ್ದಳು. "ತಿನ್ನೇ, ಯಾವ ದೇವ್ರೂ ಏನೂ ಅನ್ಕೊಳಲ್ಲ ಕಣೇ" ಅಂದಳು. ಮ್ಯಾಮ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಕಡಿಮೆ ಇದೆಯಂತೆ, ಮಾತ್ರೆ ಕೊಟ್ಟಿದ್ದಾರೆ. ಅಪ್ಪ ಅಮ್ಮನಿಗೆ ಹೇಳಿದ್ದಾರೆ. ನಿನಗೆ ನಾನೇ ಹೇಳುತ್ತೇನೆ ಅಂದೆ.

ಶಶಿಕಲಾ ಮೇಡಂ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ನಿನ್ನ ಮೈ ಈಗ ಎರಡು ಕೆಲಸ ಮಾಡ್ತಿದೆ, ಬೆಳೀತಾನೂ ಇದೆ, ಆಡ್ತಾನೂ ಇದೆ. ಎರಡಕ್ಕೂ ಒಂದೇ ಹೊತ್ತಿನ ಊಟ ಸಾಲುತ್ತಾ?" ಅಂದರು.

ಆಗಸ್ಟ್ 16ಕ್ಕೆ ರಾಜ್ಯ ಪಂದ್ಯಕ್ಕೆ ಹೋಗುವ ತಂಡದ ಆಯ್ಕೆ ಇದೆ. ಹದಿನಾಲ್ಕು ವರ್ಷದ ಒಳಗಿನವರದ್ದು. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತದೆ. ಅದೂ ಶನಿವಾರವೇ, ಶ್ರಾವಣ ಶನಿವಾರ. ಬೆಳಿಗ್ಗೆ ನಾನು ತಿನ್ನುವುದನ್ನು ಕಣ್ಣಾರೆ ನೋಡದೆ ಅಂಕಣಕ್ಕೆ ಇಳಿಸುವುದಿಲ್ಲ ಅಂತ ಮ್ಯಾಮ್ ಹೇಳಿದ್ದಾರೆ.

ನಾನು ತಿನ್ನುತ್ತೇನೆ ಅಜ್ಜಿ. ನಿನಗೆ ಕೋಪ ಬಂದರೂ ತಿನ್ನುತ್ತೇನೆ. ನಿನಗೆ ಹೇಳದೆ ಕದ್ದು ತಿನ್ನಬಹುದಿತ್ತು, ನಿನಗೆ ಗೊತ್ತೂ ಆಗುತ್ತಿರಲಿಲ್ಲ. ಹಾಗೆ ಮಾಡುವುದು ಬೇಡ ಅನ್ನಿಸಿತು.

ಇಂಪನಾ


ತುಮಕೂರು
3 ಆಗಸ್ಟ್ 2025

ಅಜ್ಜಿಗೆ ನಮಸ್ಕಾರಗಳು.

ಹೋದ ಮಂಗಳವಾರ ಚೀಲ ಬಂತು. ಪತ್ರ ಇರಲಿಲ್ಲ. ಚೀಲವನ್ನು ಬೋರಲು ಹಾಕಿ ಕೊಡವಿದೆ, ಹುರಿಗಡಲೆಯ ಹೊಟ್ಟು ಬಿತ್ತು. ಗಂಗಣ್ಣಮಾವನನ್ನು ಅಜ್ಜಿಗೆ ಕೋಪಾನಾ ಅಂತ ಕೇಳಿದರೆ, "ನಿಮ್ಮಜ್ಜಿ ಮೊಕ ಯಾವಾಗ್ಲೂ ಅಂಗೇ ಅಲ್ವೇನವ್ವ, ಯಂಗೆ ಗೊತ್ತಾಗಬೇಕು?" ಅಂದರು. ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ಬೇರೆ ಗಂಟನ್ನು ತೋರಿಸಿ, "ಇದು ಶನಿವಾರಕ್ಕಂತೆ" ಅಂದರು. ಅಷ್ಟೇ.

ಬಿಚ್ಚಿದೆ. ತುಪ್ಪ ಹಾಕಿ ಕಟ್ಟಿದ ಹುರಿಹಿಟ್ಟಿನ ಉಂಡೆಗಳು. ಶ್ರಾವಣ ಶನಿವಾರದ ನೈವೇದ್ಯಕ್ಕೆ ಕಳಿಸಿದ್ದೀರಿ ಅಂತ ಗೊತ್ತಾಯಿತು. ನಿನ್ನೆ ಸ್ನಾನ ಮಾಡಿ ಪಟದ ಮುಂದೆ ಇಟ್ಟು, ಕೈಮುಗಿದು, ಹಾಸ್ಟೆಲಿನ ಎಲ್ಲರಿಗೂ ಪ್ರಸಾದ ಅಂತ ಹಂಚಿದೆ. ನಾನು ಮಧ್ಯಾಹ್ನದವರೆಗೂ ಮುಟ್ಟಲಿಲ್ಲ.

ಬೆಳಿಗ್ಗೆ ಮ್ಯಾಮ್ ಎದುರಿಗೆ ಇಡ್ಲಿ ಬಾಯಿಗಿಟ್ಟೆ. ತಿನ್ನುತ್ತೇನೆ ಅಂತ ನಿಮಗೆ ಅಷ್ಟು ಧೈರ್ಯವಾಗಿ ಬರೆದವಳು ನಾನೇ. ಅರ್ಧ ಇಡ್ಲಿಯನ್ನೂ ತಿನ್ನಲಾಗಲಿಲ್ಲ. ನೀವು ದೇವರ ಮನೆಯ ಹೊಸ್ತಿಲಲ್ಲಿ ಉಪವಾಸ ಕುಳಿತಿರುವುದು ಕಾಣುತ್ತಿತ್ತು. ಮ್ಯಾಮ್ ಅಭ್ಯಾಸಕ್ಕೂ ಬಿಡಲಿಲ್ಲ, ಬೇಲಿಯ ಆಚೆ ಕೂರಿಸಿದರು. ಆಯ್ಕೆಯ ದಿನವೂ ಹೀಗಾದರೆ ಬೇರೆ ಹುಡುಗಿಯನ್ನು ಇಳಿಸುತ್ತಾರೆ.

ಬೈದಾದರೂ ಬರೆಯಿರಿ ಅಜ್ಜಿ.

ಇಂಪನಾ


ಕಡಬ
12 ಆಗಸ್ಟ್ 2025

ಇಂಪನಾಳಿಗೆ,

ದಡ್ಡಿ.

ಆ ಗಂಟು ದೇವರಿಗಲ್ಲ, ನಿನಗೆ ಕಟ್ಟಿದ್ದು. ಶನಿವಾರ ಬೆಳಿಗ್ಗೆ ನೀನು ತಿನ್ನಲಿ ಎಂದು, ಶ್ರಾವಣದಲ್ಲಿ, ನನ್ನ ಕೈಯಿಂದ ಉಂಡೆ ಕಟ್ಟಿ ಕಳಿಸಿದರೆ ನೀನು ಊರಿಗೆಲ್ಲ ಹಂಚಿ ಹಸಿದು ಕುಳಿತೆಯಾ? ನಿನ್ನ ಅಜ್ಜ ಪತ್ರ ಓದಿ ನಕ್ಕ ನಗುವಿಗೆ ಎಮ್ಮೆ ಬೆದರಿತು. "ಮಾತಾಡ್ದೆ ಗಂಟು ಕಳಿಸಿದ್ರೆ ಇನ್ನೇನಂದ್ಕೊಂಡಾಳು? ನೀನು ಬಾಯ್ಬುಟ್ಟು ಒಂದು ಮಾತು ಹೇಳ್ಬೇಕಿತ್ತು ಕಣೇ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಬರೆಯಲು ಕುಳಿತಾಗಲೆಲ್ಲ ಕೋಪ ಬರುತ್ತಿತ್ತು. ಕೋಪ ಯಾರ ಮೇಲೆ ಎಂದು ಗೊತ್ತಾಗದೆ ಪತ್ರ ಬರೆಯಬಾರದು. ನಿನ್ನ ಕೋಚ್ ಮೇಲೆ ಅಂದುಕೊಂಡೆ, ಅಲ್ಲ. ನಿನ್ನ ಮೇಲೆ ಅಂದುಕೊಂಡೆ. ನಿನ್ನ ಪತ್ರವನ್ನು ಮತ್ತೆ ಓದಿದೆ. ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಗಿ ನಿನ್ನ ಅಪ್ಪ ಇವತ್ತಿಗೂ ಒಂದು ಮಾತು ಆಡಿದವನಲ್ಲ. ಬೇಡ ಅನ್ನಿಸಿದರೆ ಹೂಂ ಎಂದು ತಲೆಯಾಡಿಸಿ, ಹಿಂದಿನ ಬಾಗಿಲಿನಿಂದ ಹೋಗಿ ತನಗೆ ಬೇಕಾದ್ದು ಮಾಡುತ್ತಾನೆ. ನೀನು ಮುಂದಿನ ಬಾಗಿಲಿನಲ್ಲಿ ನಿಂತು ತಿನ್ನುತ್ತೇನೆ ಎಂದು ಹೇಳಿದೆ. "ನಿನ್ನಂಗೇ ಬರೆದವ್ಳೆ" ಎಂದು ನಿನ್ನ ಅಜ್ಜ ಅಂದರು. ನಾನು ಇಲ್ಲ ಅನ್ನಲಿಲ್ಲ.

ಆಮೇಲೆ ಅರ್ಚಕರು ಲಕ್ಷ್ಮೀನರಸಿಂಹಯ್ಯನವರನ್ನು ಕೇಳಲು ಹೋದೆ. ಮಗು ಆಡಬೇಕು, ಶ್ರಾವಣ ಶನಿವಾರ, ಏನು ಮಾಡಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಅಮ್ಮಾ, ಮಕ್ಕಳು ಉಪವಾಸ ಇರಬೇಕು ಅಂತ ರಂಗನಾಥ ನನ್ನ ಹತ್ರ ಯಾವತ್ತೂ ಹೇಳಿಲ್ಲ. ಹೇಳಿದ್ದು ನೀವು. ಈಗ ನನ್ನನ್ನ ಕೇಳಿದ್ರೆ?" ಅಂದರು. ಇಷ್ಟು ವರ್ಷ ನನಗೆ ಹೆದರಿಕೊಂಡು ಮಂಗಳಾರತಿ ತಟ್ಟೆ ಹಿಡಿಯುತ್ತಿದ್ದ ಮನುಷ್ಯ.

ದಾರಿಯಲ್ಲಿ ಬರುವಾಗ ನನ್ನ ಅತ್ತೆ ಕದರಮ್ಮ ನೆನಪಾದರು. ಈ ಮನೆಗೆ ಒಪ್ಪತ್ತು ತಂದವರೇ ಅವರು, ನನಗಿಂತ ಹತ್ತು ಪಾಲು ಗಟ್ಟಿ. ರಾಗಿ ಕೊಯ್ಲಿನ ಕಾಲದಲ್ಲಿ ಶನಿವಾರ ಬಂದರೆ ಅವರೇ ಬೆಳಿಗ್ಗೆ ಎದ್ದು ಮುದ್ದೆ ತೊಳಸಿ ಹೊಲಕ್ಕೆ ಹೋಗುವವರಿಗೆಲ್ಲ ಬಡಿಸುತ್ತಿದ್ದರು. ಹೊಸ ಸೊಸೆ ನಾನು, ಇವತ್ತು ಒಪ್ಪತ್ತಲ್ಲವೇ ಅತ್ತೆ ಎಂದು ಕೇಳಿದ್ದಕ್ಕೆ, "ಕುಡುಗೋಲು ಹಿಡಿದೋರ್ಗೆ ಒಪ್ಪತ್ತಿಲ್ಲ ಕಣೇ. ಮನೇಲ್ ಕೂತೋರು ಮಾಡಿದ್ರೆ ಅವ್ರಿಗೂ ಸೇರ್ತದೆ" ಎಂದು ನನ್ನ ತಟ್ಟೆಗೂ ಇಕ್ಕಿದ್ದರು. ನಾನು ಹೊಲಕ್ಕೆ ಹೋಗುವುದು ನಿಂತ ಮೇಲೆ ಆ ಕಾನೂನು ನನಗೆ ಬೇಕಾಗಲಿಲ್ಲ.

ಆದ್ದರಿಂದ ತಿಳಿದುಕೋ. ಬ್ಯಾಟು ಹಿಡಿದವಳಿಗೆ ಒಪ್ಪತ್ತಿಲ್ಲ. ಇದು ಸಲಿಗೆಯಲ್ಲ, ಈ ಮನೆಯ ನಿಯಮವೇ ಹೀಗೆ. ನಿನ್ನ ಪಾಲಿನದ್ದನ್ನು ಮನೆಯಲ್ಲಿ ಕುಳಿತ ನಾನು ಮಾಡುತ್ತೇನೆ, ಅದು ನಿನಗೆ ಸೇರುತ್ತದೆ. ಶನಿವಾರ ಬೆಳಿಗ್ಗೆ ನಿನ್ನ ಶಶಿಕಲಾ ಮೇಡಂ ಹೇಳಿದ್ದನ್ನು ತಿನ್ನು. ನಡುವೆ ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ. ಮೊಟ್ಟೆ ಮಾತ್ರ ಶನಿವಾರ ಬೇಡ, ಅಷ್ಟನ್ನು ನನಗೆ ಬಿಡು. ಅದರ ಬದಲು ಮೊಳಕೆ ಹೆಸರುಕಾಳು ಆಗುತ್ತದೆಯೇ ಎಂದು ಅವರನ್ನು ಕೇಳು. ಆಗುವುದಿಲ್ಲ ಎಂದರೆ ನನಗೆ ಹೇಳಬೇಡ.

ಪತ್ರದಲ್ಲಿ ಈ ಸಲ ಮತ್ತೆ ನೀವು ಎಂದು ಬರೆದಿದ್ದೀಯ. ಅದರ ಹಿಂದಿನ ಪತ್ರದಲ್ಲಿ ನೀನು ಎಂದು ಬರೆದದ್ದೇ ನನಗೆ ಹಿಡಿಸಿತ್ತು.

ನಿನ್ನ ಅಜ್ಜಿ


ಕಡಬ
17 ಆಗಸ್ಟ್ 2025

ಮಗಾ,

ನಿನ್ನೆ ನಾನೂ ನಿನ್ನ ಅಜ್ಜನೂ ತುಮಕೂರಿಗೆ ಬಂದಿದ್ದೆವು. ಹೇಳಿದ್ದರೆ ನೀನು ಚೆಂಡು ಬಿಟ್ಟು ಬೇಲಿಯ ಕಡೆ ನೋಡುತ್ತಿದ್ದೆ. ಆಟ ಮುಗಿದ ಮೇಲೆ ನಿನ್ನ ಗೆಳತಿಯರು ನಿನ್ನನ್ನು ಎತ್ತಿಕೊಂಡು ಕುಣಿಯುತ್ತಿದ್ದರು, ಆ ಗಲಾಟೆಯಲ್ಲಿ ನುಗ್ಗುವ ವಯಸ್ಸು ನನ್ನದಲ್ಲ. ಮನೆಗೆ ಬಂದು ಪೂಜೆ ಮುಗಿಸಿ ಊಟ ಮಾಡುವುದು ಬಾಕಿ ಇತ್ತು. ಗುಬ್ಬಿ ಬಸ್ಸೂ ನಿಂತಿತ್ತು. ಅದಕ್ಕೇ ಬಂದುಬಿಟ್ಟೆವು.

ಮೊದಲ ಸೆಟ್ಟು ನೀನು ಸೋತಾಗ ನಿನ್ನ ಅಜ್ಜ ಬೀಡಿ ಹುಡುಕಿಕೊಂಡು ಹೊರಗೆ ಹೋದರು. ನಾನು ಬೇಲಿಯ ತಂತಿ ಹಿಡಿದು ನಿಂತೆ. ನಿಜ ಹೇಳುತ್ತೇನೆ, ನಿನ್ನ ಆಟದ ಲೆಕ್ಕ ನನಗೆ ಅರ್ಥವಾಗುವುದಿಲ್ಲ, ಸೊನ್ನೆಯಾದ ಮೇಲೆ ಹದಿನೈದು ಯಾಕೆ ಎಂದು ಇನ್ನೂ ತಿಳಿದಿಲ್ಲ. ಆದರೆ ಕಾಲು ಗೊತ್ತಾಗುತ್ತದೆ. ಎರಡನೇ ಸೆಟ್ಟಿನಲ್ಲಿ ಆ ಹುಡುಗಿ ಮೂಲೆಯಿಂದ ಮೂಲೆಗೆ ಚೆಂಡು ಎಸೆದು ನಿನ್ನನ್ನು ಓಡಿಸುತ್ತಿದ್ದಳು. ನೀನು ಓಡಿದೆ. ಹೋಗಿಯೇ ಹೋಯಿತು ಅಂದುಕೊಂಡ ಚೆಂಡಿನ ಹಿಂದೆ ನೀನು ಹೋದ ರೀತಿ ನೋಡಿ, ಇದು ನಮ್ಮ ಮನೆಯ ಕಾಲು ಅಲ್ಲ, ಇದು ಇವಳೇ ಸಂಪಾದಿಸಿದ ಕಾಲು ಎಂದು ನನಗೆ ಅನ್ನಿಸಿತು. ನಿನ್ನ ಕಡೆಯ ಗೆರೆಯ ಮೇಲೆ ಬಿದ್ದ ಚೆಂಡನ್ನು ನೀನೇ ಕೈ ತೋರಿಸಿ ಒಳಗೆ ಬಿತ್ತು ಎಂದು ಒಪ್ಪಿಕೊಂಡೆಯಲ್ಲ, ಯಾರೂ ಕೇಳಿರಲಿಲ್ಲ. ಅದು ಮಾತ್ರ ನಮ್ಮ ಮನೆಯದು.

ಮೂರನೇ ಸೆಟ್ಟಿಗೆ ಬಿಸಿಲು ಏರಿತ್ತು. ಆ ಹುಡುಗಿ ಬಗ್ಗಿ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು, ನೀನು ಹಿಡಿದುಕೊಳ್ಳಲಿಲ್ಲ. ಕಡೆಯ ಚೆಂಡು ಅವಳ ಪಕ್ಕದಿಂದ ಹೋದಾಗ ನಾನು ಏನೋ ಕೂಗಿದೆನಂತೆ. ನಿನ್ನ ಅಜ್ಜ ಹಾಗೆ ಹೇಳುತ್ತಾರೆ, ನಾನು ನಂಬುವುದಿಲ್ಲ. ನಿನ್ನ ಹೆಸರು ತಂಡದಲ್ಲಿ ಬಂದ ಸುದ್ದಿಯನ್ನು ಗಂಗಣ್ಣ ನಮಗಿಂತ ಮುಂಚೆ ಊರಿಗೆ ಮುಟ್ಟಿಸಿದ್ದಾನೆ.

ಒಂದು ಸಂಗತಿ ಹೇಳದೆ ಬಿಟ್ಟಿದ್ದೇನೆ. ಮೂರನೇ ಸೆಟ್ಟಿನ ನಡುವೆ ನೀವಿಬ್ಬರೂ ಜಾಗ ಬದಲಿಸುವಾಗ ನೀನು ಬೆಂಚಿನ ಮೇಲೆ ಕುಳಿತು, ಡಬ್ಬಿ ತೆಗೆದು, ಆತುರವಿಲ್ಲದೆ ಬಾಳೆಹಣ್ಣು ತಿಂದೆ. ಒಂದು ಗುಟುಕು ಮಜ್ಜಿಗೆ ಕುಡಿದೆ. ಅಷ್ಟು ಜನರ ಮುಂದೆ, ಶ್ರಾವಣ ಶನಿವಾರ, ತಲೆ ತಗ್ಗಿಸದೆ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, ಅವಳೂ ನನ್ನ ಹಾಗೆ ಹಣೆಗೆ ನಾಮವಿಟ್ಟು ಬಂದಿದ್ದಳು, ಬಾಯಿಗೆ ಸೆರಗು ಹಿಡಿದು ಅಂದಳು, "ಯಾರ ಮನೆ ಮಗೀನೋ ಕಣವ್ವ. ಶ್ರಾವಣ ಶನಿವಾರ, ಒಂದು ಆಟ ಮುಗಿಯೋಗಂಟ ತಡ್ಕಳಕ್ಕಾಗಲ್ವಾ? ಕಲ್ಸೋರು ಯಾರೂ ಇಲ್ವೇನೋ ಮನೇಲಿ."

"ಅವ್ಳು ನನ್ನ ಮೊಮ್ಮಗಳು," ಅಂದೆ. "ಕಲ್ಸಿರೋದು ನಾನೇ."

ನಿನ್ನ ಅಜ್ಜಿ,
ಸುಬ್ಬಲಕ್ಷ್ಮಮ್ಮ